ಒಳಗಿನ ಕಲೆ, ಹೊರಗಿನ ಹಚ್ಚೆ

ಕನ್ನಡದಲ್ಲಿ ‘ಕಲೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಗಾಯ ಮಾಗಿದ ಮೇಲೆ ಚರ್ಮದಲ್ಲಿ ಉಳಿಯುವ ಗುರುತು ಕಲೆ. ಚಿತ್ರ, ಶಿಲ್ಪ, ಸಂಗೀತಗಳೂ ಕಲೆ. ಈ ಎರಡು ಅರ್ಥಗಳು ಒಂದೇ ಎಡೆಯಲ್ಲಿ ಕೂಡುವುದಾದರೆ ಅದು ಹಚ್ಚೆಯಲ್ಲಿ. ಪ್ರಿಯ ಓದುಗರೇ, ಈ ಬಾರಿ ತಮ್ಮ ಮುಂದಿಡುತ್ತಿರುವುದು ಪುಸ್ತಕವೊಂದರ ವಿಮರ್ಶೆಯಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದೊಡನೆ ಬಾಳುತ್ತಿರುವವರು, ವಿಶೇಷವಾಗಿ ಬ್ರಿಟನ್ ಮತ್ತು ಅಮೆರಿಕ ದೇಶಗಳಲ್ಲಿ, ತಮ್ಮ ಮೈಮೇಲೆ ಹಾಕಿಸಿಕೊಳ್ಳುತ್ತಿರುವ ಹಚ್ಚೆಗಳನ್ನು ಒಂದು ಕಲಾಪ್ರಕಾರವೆಂದೇ ಭಾವಿಸಿ ಓದುವ ಪ್ರಯತ್ನವಿದು. ಕಾಯಿಲೆಯವರ ಮೈಮೇಲಿನ ಚಿತ್ರವನ್ನು ವಿಮರ್ಶಿಸುವುದು ಸರಿಯೇ ಎಂದು ತಾವು ಕೇಳಬಹುದು. ಇಲ್ಲಿ ತೂಗುತ್ತಿರುವುದು ಚಿಹ್ನೆಯನ್ನೇ ಹೊರತು ಅದನ್ನು ಹೊತ್ತವರನ್ನಲ್ಲ ಎಂಬ ಮಾತನ್ನು ಮೊದಲೇ ಹೇಳಿ ಮುಂದುವರಿಯುತ್ತೇನೆ.

ರೋಗದ ಹೆಸರಿನಿಂದಲೇ ಆರಂಭಿಸೋಣ. ಸ್ಕ್ಲೆರೋಸಿಸ್ ಎಂದರೆ ಗಡುಸಾಗುವುದು. ಇಲ್ಲಿ ಅದು ಗಾಯವಾಗಿ, ಮಾಗಿ, ಗಟ್ಟಿಯಾದ ಕಲೆಯನ್ನು ಸೂಚಿಸುತ್ತದೆ. ಅಂದರೆ ‘ಹಲವು ಕಲೆಗಳು’ ಎಂಬುದೇ ರೋಗದ ಹೆಸರು. ಪ್ಯಾರಿಸ್ಸಿನ ವೈದ್ಯ ಝಾನ್ ಮಾರ್ಟಿನ್ ಶಾರ್ಕೋ 1868ರಲ್ಲಿ ಇದನ್ನು ಒಂದು ಪ್ರತ್ಯೇಕ ರೋಗವೆಂದು ಗುರುತಿಸಿ ವಿವರಿಸಿದರು. ಅದಕ್ಕೂ ಮುಂಚೆ, 1838ರಲ್ಲಿ, ರಾಬರ್ಟ್ ಕಾರ್ಸ್‌ವೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯರು ಸತ್ತವರ ಬೆನ್ನುಹುರಿಯ ಮೇಲೆ ತಾವು ಕಂಡ ಕಂದುಬಣ್ಣದ ಮಚ್ಚೆಗಳನ್ನು ಸ್ವತಃ ಚಿತ್ರಿಸಿ ಅಚ್ಚು ಹಾಕಿಸಿದ್ದರು. ನಮ್ಮ ನರತಂತುಗಳ ಮೇಲೆ, ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ, ಮೈಲಿನ್ ಎಂಬ ಕೊಬ್ಬಿನಂಶದ ಹೊದಿಕೆಯೊಂದಿದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಆ ಹೊದಿಕೆಯನ್ನು ಕಿತ್ತುಹಾಕುತ್ತದೆ. ಆಗ ಮಿದುಳಿನ ಸಂದೇಶ ತಡವಾಗಿ ತಲುಪುತ್ತದೆ, ಇಲ್ಲವೇ ತಲುಪುವುದೇ ಇಲ್ಲ. ಒಂದು ಕಣ್ಣು ಮಂಜಾಗುತ್ತದೆ. ಪಾದ ಜೋಮು ಹಿಡಿದು ಹಾಗೆಯೇ ಉಳಿಯುತ್ತದೆ. ತಲೆ ಬಗ್ಗಿಸಿದರೆ ಬೆನ್ನಿನುದ್ದಕ್ಕೂ ವಿದ್ಯುತ್ ಹರಿದಂತಾಗುತ್ತದೆ. ಯಾರೋ ಎದೆಯನ್ನು ಪಟ್ಟಿಯಿಂದ ಬಿಗಿದಂತೆನಿಸುತ್ತದೆ. ಇವೆಲ್ಲಕ್ಕಿಂತ ಹೆಚ್ಚಾಗಿ, ಮಲಗಿ ಎದ್ದರೂ ಹೋಗದ ದಣಿವು. ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ಪ್ರಾಯದಲ್ಲಿ ಕಾಣಿಸಿಕೊಳ್ಳುವ ಈ ರೋಗ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಜಗತ್ತಿನಲ್ಲಿ 28 ಲಕ್ಷಕ್ಕೂ ಹೆಚ್ಚು ಮಂದಿ ಇದರೊಡನೆ ಬದುಕುತ್ತಿದ್ದಾರೆ. ಮರುಕಳಿಕೆಯನ್ನು ತಗ್ಗಿಸುವ ಔಷಧಗಳು ಈಗ ಹಲವಿವೆ; ಬೇರುಸಹಿತ ಕೀಳುವ ಔಷಧ ಇನ್ನೂ ಬಂದಿಲ್ಲ.

ಈ ಕಲೆಗಳಲ್ಲಿ ಒಂದೂ ಹೊರಗಿನವರಿಗೆ ಕಾಣುವುದಿಲ್ಲ. ‘ನೋಡಲು ಚೆನ್ನಾಗಿಯೇ ಇದ್ದೀರಲ್ಲ’ ಎಂಬ ಮಾತನ್ನು ಈ ರೋಗಿಗಳು ಮತ್ತೆ ಮತ್ತೆ ಕೇಳಬೇಕಾಗುತ್ತದೆ. ಹೇಳುವವರು ಹೊಗಳಿಕೆಯೆಂದು ಹೇಳುತ್ತಾರೆ. ಕೇಳುವವರಿಗೆ ಅದು ಅಪನಂಬಿಕೆಯಂತೆ ತಾಗುತ್ತದೆ. ಕೇಳದೆ ಬಂದ, ಕಾಣದ ಕಲೆಗಳ ಮೇಲೆ ತಾನೇ ಆರಿಸಿಕೊಂಡ, ಕಾಣುವ ಕಲೆಯೊಂದನ್ನು ಹಾಕಿಸಿಕೊಳ್ಳುವ ಬಯಕೆ ಹುಟ್ಟುವುದು ಇಂಥ ಕಡೆ. ಬಯಕೆ ಹೊಸದೂ ಅಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ ಸುಮಾರು 5300 ವರ್ಷ ಹಿಂದಿನ ಮನುಷ್ಯನ ದೇಹದಲ್ಲಿ 61 ಹಚ್ಚೆಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಬಹಳಷ್ಟು ಬರೇ ಗೀಟುಗಳು. ಸೊಂಟ, ಮೊಣಕಾಲು, ಹರಡುಗಳ ಹತ್ತಿರ ಇವೆ, ಆತನ ಕೀಲುಗಳು ಸವೆದಿದ್ದ ಕಡೆಗಳಲ್ಲಿಯೇ. ಚಿಕಿತ್ಸೆಗೆಂದು ಹಾಕಿಸಿದ್ದಿರಬಹುದೆಂದು ಪಂಡಿತರು ಊಹಿಸುತ್ತಾರೆ. ನೋವಿದ್ದ ಕಡೆ ಗುರುತು ಹಾಕುವುದು ಮನುಷ್ಯನ ಬಹಳ ಹಳೆಯ ಚಾಳಿ ಎಂಬಷ್ಟನ್ನಾದರೂ ನಾವು ಒಪ್ಪಬಹುದು.

ಹಚ್ಚೆ ಎಂದೊಡನೆ ನಮ್ಮಲ್ಲಿ ಕೆಲವರ ಹುಬ್ಬು ಗಂಟಿಕ್ಕುವುದುಂಟು. ಯಾಜಕಕಾಂಡದ 19ನೆಯ ಅಧ್ಯಾಯದ 28ನೆಯ ವಚನವನ್ನು ಅವರು ಎತ್ತಿ ತೋರಿಸುತ್ತಾರೆ. ಆ ವಚನದ ಸಂದರ್ಭ ಸತ್ತವರಿಗಾಗಿ ಮೈ ಕೊಯ್ದುಕೊಳ್ಳುವ ಆಚರಣೆಯದು. ಅದರ ಹಿಂದಿನ ವಚನವೇ ಗಡ್ಡದ ಅಂಚನ್ನು ಕತ್ತರಿಸಬಾರದೆಂದೂ ವಿಧಿಸುತ್ತದೆ. ಕ್ಷೌರ ಮಾಡಿಸಿಕೊಂಡು ಬಲಿಪೂಜೆಗೆ ಬರುವವರನ್ನು ನಾವು ಬಾಗಿಲಲ್ಲಿ ತಡೆದದ್ದಿಲ್ಲ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಮಣಿಕಟ್ಟಿನ ಮೇಲೆ ಶಿಲುಬೆಯ ಹಚ್ಚೆ ಹಾಕಿಸಿಕೊಳ್ಳುತ್ತಾರೆ. ಎರಿಟ್ರಿಯಾದ ಕ್ರೈಸ್ತರ ಹಣೆಯ ಮೇಲಿನ ಶಿಲುಬೆಯನ್ನು ನೆನಪಿಸಿ, ಹಚ್ಚೆಯನ್ನು ಕಂಡು ಹೆದರಬೇಡಿ ಎಂದು 2018ರ ಮಾರ್ಚಿಯಲ್ಲಿ ರೋಮಿನಲ್ಲಿ ಯುವಜನರೊಡನೆ ಮಾತನಾಡುತ್ತ ಪೋಪ್ ಫ್ರಾನ್ಸಿಸ್ ಹೇಳಿದ್ದರು. ಅತಿರೇಕಗಳಿವೆ ಎಂಬುದನ್ನು ಒಪ್ಪಿಕೊಂಡೇ, ಹಚ್ಚೆಯಿಂದ ಮಾತುಕತೆ ಆರಂಭಿಸಬಹುದು ಎಂಬುದು ಅವರ ಇಂಗಿತವಾಗಿತ್ತು. ಇನ್ನು ನಮ್ಮ ಅಜ್ಜಿಯರ ಮುಂಗೈಗಳು ನೆನಪಿವೆಯಲ್ಲ? ಸತ್ತಾಗ ಮೈಮೇಲಿನ ಚಿನ್ನವನ್ನು ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರುವುದು ಎಂದು ಹಳ್ಳಿಯ ಹೆಂಗಸರು ಹೇಳುತ್ತಿದ್ದ ಮಾತನ್ನು ಈ ಪ್ರಕಾರದ ಕುರಿತ ಒಳ್ಳೆಯ ವಿಮರ್ಶಾವಾಕ್ಯವೆಂದು ನಾನು ಎಣಿಸುತ್ತೇನೆ.

ಈಗ ಚಿಹ್ನೆಗಳತ್ತ ನೋಡೋಣ. ಅತ್ಯಂತ ಸಾಮಾನ್ಯವಾದುದು ಕಿತ್ತಳೆ ಬಣ್ಣದ ರಿಬ್ಬನ್ನು. 1991ರಲ್ಲಿ ನ್ಯೂಯಾರ್ಕಿನ ಕಲಾವಿದರ ಗುಂಪೊಂದು ಏಡ್ಸ್ ರೋಗಿಗಳಿಗಾಗಿ ಕೆಂಪು ರಿಬ್ಬನ್ನನ್ನು ರೂಪಿಸಿತು. ಅಲ್ಲಿಂದೀಚೆಗೆ ಒಂದೊಂದು ರೋಗಕ್ಕೂ ಒಂದೊಂದು ಬಣ್ಣ ಹಂಚಿಕೆಯಾಗಿ, ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕಿತ್ತಳೆ ಬಂತು. ಕೋಟಿನ ಮೇಲೆ ಚುಚ್ಚಿ ಸಂಜೆ ತೆಗೆದಿಡಬಹುದಾದ ರಿಬ್ಬನ್ನು ಜೊತೆ ನಿಲ್ಲುವವರ ಚಿಹ್ನೆ. ಅದೇ ರೋಗಿಯ ಚರ್ಮಕ್ಕೆ ಇಳಿದಾಗ ಸೀಸೆಗೆ ಹಚ್ಚಿದ ಚೀಟಿಯಂತಾಗುತ್ತದೆ. ಏನಿದೆಯೆಂದು ತಿಳಿಸುತ್ತದೆ, ಹೇಗಿದೆಯೆಂದು ಹೇಳುವುದಿಲ್ಲ. ಚಿಟ್ಟೆಯೂ ಹೇರಳ. ಹುಳು ರೆಕ್ಕೆ ಪಡೆಯುವ ಕಥೆ ಎಷ್ಟು ಸವೆದಿದೆಯೆಂದರೆ ಅದರ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಆದರೆ ಒಂದು ಸಂಗತಿ ನನ್ನನ್ನು ಅಲ್ಲಿ ನಿಲ್ಲಿಸಿತು: ಬೆನ್ನುಹುರಿಯನ್ನು ಅಡ್ಡಲಾಗಿ ಕತ್ತರಿಸಿದರೆ ಅದರ ನಡುವಿನ ಬೂದುಬಣ್ಣದ ಭಾಗ ಚಿಟ್ಟೆಯ ಆಕಾರದಲ್ಲಿಯೇ ಕಾಣುತ್ತದೆ. ಬೆನ್ನಿನ ಮೇಲೆ ಚಿಟ್ಟೆ ಹಾಕಿಸಿಕೊಂಡವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿರುವುದೋ ಕಾಣೆ. ಚರ್ಮದ ಕೆಳಗೆ ಕೆಲವು ಬೆರಳಗಲದಷ್ಟು ಆಳದಲ್ಲಿ ಅದೇ ಚಿಟ್ಟೆ ನಿಜವಾಗಿಯೂ ಇದೆ, ಅದರ ಸುತ್ತ ಕಲೆಗಳೂ ಇರಬಹುದು.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಸಿಂಹದ ಮುಂದೆ. ಸಿಂಹಿಣಿ, ಕತ್ತಿ, ಗುರಾಣಿ, ಬೂದಿಯಿಂದೇಳುವ ಫೀನಿಕ್ಸ್ ಹಕ್ಕಿ, ಇವುಗಳೊಡನೆ ‘ವಾರಿಯರ್’, ‘ಫೈಟರ್’ ಎಂಬ ಪದಗಳು ಭುಜ, ಮುಂಗೈ, ಕತ್ತಿನ ಹಿಂಭಾಗಗಳನ್ನು ಆಕ್ರಮಿಸಿವೆ. ರೋಗದ ಮಾತಿನಲ್ಲಿ ಯುದ್ಧದ ಭಾಷೆ ನುಸುಳುವುದರಿಂದಾಗುವ ಕೇಡನ್ನು ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1978ರಲ್ಲಿಯೇ, ಕ್ಯಾನ್ಸರನ್ನು ಮುಂದಿಟ್ಟುಕೊಂಡು, ವಿಸ್ತಾರವಾಗಿ ಚರ್ಚಿಸಿದ್ದರು. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಈ ಭಾಷೆ ಇನ್ನಷ್ಟು ಹೊಂದುವುದಿಲ್ಲ. ಇಲ್ಲಿ ಗಡಿ ದಾಟಿ ಬಂದ ವೈರಿ ಯಾರು? ಕೋಟೆಯನ್ನು ಕಾಯಬೇಕಾದ ಸೈನ್ಯವೇ ಒಳಗಿನ ಮನೆಗಳಿಗೆ ಬೆಂಕಿ ಇಟ್ಟಿದೆ. ಈ ರೋಗದ ಔಷಧಗಳೆಲ್ಲ ಹೆಚ್ಚುಕಡಿಮೆ ಆ ಸೈನ್ಯವನ್ನು ತಣಿಸುವ, ತಡೆಯುವ, ಅದರ ಸಂಖ್ಯೆಯನ್ನು ಕಡಿಮೆ ಮಾಡುವ ಔಷಧಗಳು. ಹೋರಾಡು ಎಂದು ಇಂಥ ದೇಹಕ್ಕೆ ಹೇಳಿದರೆ ಅದು ಯಾರೊಡನೆ ಹೋರಾಡಬೇಕು?

ಎರಡನೆಯ ತೊಡಕು ಇದಕ್ಕಿಂತ ಕಠಿಣವಾದುದು. ಯುದ್ಧವೆಂದ ಮೇಲೆ ಸೋಲೂ ಇರುತ್ತದೆ. ಈ ರೋಗ ಬರುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಮರುಕಳಿಸುತ್ತದೆ. ಯಾವಾಗ, ಎಲ್ಲಿ ಎಂಬುದು ರೋಗಿಯ ಸ್ಥೈರ್ಯವನ್ನು ಅವಲಂಬಿಸಿಲ್ಲ. ಮಹಡಿ ಹತ್ತಲಾಗದ ದಿನ, ಮಗುವನ್ನು ಎತ್ತಿಕೊಳ್ಳಲು ಕೈ ಬಾರದ ದಿನ, ತನ್ನದೇ ತೋಳಿನ ಮೇಲಿನ ಸಿಂಹ ಆಕೆಯನ್ನು ಏನೆಂದು ಕೇಳುತ್ತದೆ? ಇಂದು ನೀನು ಸಾಕಷ್ಟು ಹೋರಾಡಲಿಲ್ಲವೇ ಎಂದು ಕೇಳುವುದಿಲ್ಲವೇ? ದಣಿಯುವುದೇ ಮುಖ್ಯ ಲಕ್ಷಣವಾಗಿರುವ ರೋಗದಲ್ಲಿ ದಣಿಯಬಾರದೆಂಬ ಆಜ್ಞೆಯನ್ನು ಚರ್ಮದಲ್ಲಿ ಬರೆಸಿಕೊಳ್ಳುವುದು ನನಗೆ ಭಯವನ್ನುಂಟುಮಾಡುತ್ತದೆ. ಈ ತಪ್ಪು ಹಚ್ಚೆಯವರದೊಬ್ಬರದೇ ಅಲ್ಲ. ರೋಗಿಯನ್ನು ನೋಡಲು ಹೋದಾಗ ಹಾಸಿಗೆಯ ಪಕ್ಕದಲ್ಲಿ ನಿಂತು ‘ನಿಮ್ಮ ಧೈರ್ಯವೇ ದೊಡ್ಡದು, ದೇವರು ತಾಳಲಾರದಷ್ಟನ್ನು ಯಾರಿಗೂ ಕೊಡುವುದಿಲ್ಲ’ ಎಂದು ಹೇಳಿ ಕಾಫಿ ಕುಡಿದು ಹೊರಡುವವರು ನಾವೂ ಹೌದಲ್ಲವೇ? ಧೈರ್ಯವನ್ನು ಹೊಗಳಿದ ಮೇಲೆ ಆತ ನಮ್ಮೆದುರು ಅಳುವ ಹಾಗಿಲ್ಲ. ಸಂತ ಪೌಲನು ತನ್ನ ಶರೀರದಲ್ಲಿದ್ದ ಮುಳ್ಳನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿಕೊಂಡನೆಂದೂ ಮುಳ್ಳು ಹೋಗಲಿಲ್ಲವೆಂದೂ ತಾನೇ ಬರೆದಿದ್ದಾನೆ. ನಾವು ಅದನ್ನು ಓದುತ್ತೇವೆ, ಆದರೆ ಹಾಸಿಗೆಯ ಪಕ್ಕದಲ್ಲಿ ನಿಂತಾಗ ಮರೆಯುತ್ತೇವೆ.

ಸಿಂಹದ ಪರವಾಗಿ ಹೇಳಬೇಕಾದದ್ದನ್ನೂ ಹೇಳಬೇಕು. ವೈದ್ಯರ ಬಾಯಿಂದ ರೋಗದ ಹೆಸರು ಕೇಳಿ ಮನೆಗೆ ಬಂದ ಮೊದಲ ರಾತ್ರಿಗಳಲ್ಲಿ ಮನುಷ್ಯನಿಗೆ ಹಿಡಿದುಕೊಳ್ಳಲು ಏನಾದರೂ ಬೇಕು. ಕೈಗೆ ಸಿಕ್ಕಿದ್ದು ಸಿಂಹದ ಜೂಲವಾದರೆ ಅದನ್ನು ಬಿಡೆಂದು ಹೇಳುವ ಅಧಿಕಾರ ನನಗಿಲ್ಲ. ಆ ಚಿತ್ರ ಆ ರಾತ್ರಿಗೆ ಹೊಂದುತ್ತದೆ. ಹಚ್ಚೆ ಮಾತ್ರ ಅನಂತರದ ಮೂವತ್ತು ವರ್ಷಗಳಿಗೂ ಇರುತ್ತದೆ ಎಂಬಲ್ಲಿ ನನ್ನ ತಕರಾರು.

ಇದಕ್ಕೆ ಪ್ರತಿಯಾಗಿ ನನ್ನ ಕಣ್ಣ ಮುಂದೆ ಬರುವುದು ಒಂದು ಹಳೆಯ ಮರದಚ್ಚಿನ ಚಿತ್ರ. ಹಾಲೆಂಡಿನ ಸ್ಕೀಡಾಮ್ ಊರಿನ ಸಂತ ಲಿಡ್ವಿನಾಳ ಕಥೆ ತಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬಹುದು. 1380ರಲ್ಲಿ ಹುಟ್ಟಿದ ಆಕೆ ಹದಿನೈದರ ಪ್ರಾಯದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಗೆಳತಿಯರೊಡನೆ ಜಾರುತ್ತ ಬಿದ್ದು ಪಕ್ಕೆಲುಬು ಮುರಿದುಕೊಂಡಳು. ಅಲ್ಲಿಂದ ಮುಂದೆ ನಡಿಗೆ ಕೆಟ್ಟಿತು, ಕೈಕಾಲು ಸೋತವು, ಒಂದು ಕಣ್ಣಿನ ದೃಷ್ಟಿ ಹೋಯಿತು. ನಡುನಡುವೆ ಸುಧಾರಣೆ ಕಂಡರೂ ರೋಗ ಮತ್ತೆ ಹಿಡಿಯಿತು. 1433ರಲ್ಲಿ ಆಕೆ ತೀರಿಕೊಂಡಳು. 1890ರಲ್ಲಿ ಪೋಪ್ ಹದಿಮೂರನೆಯ ಲಿಯೋ ಆಕೆಯ ಸಂತಪದವಿಯನ್ನು ಮಾನ್ಯ ಮಾಡಿದರು. ದಾಖಲಾದ ಮೊದಲ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿ ಈಕೆಯೇ ಇರಬಹುದೆಂದು ಕೆಲವು ವೈದ್ಯರು ವಾದಿಸಿದ್ದಾರೆ, ಬೇರೆ ಕೆಲವರು ಒಪ್ಪಿಲ್ಲ. ಆ ವಾದ ನಮಗಿಲ್ಲಿ ಮುಖ್ಯವಲ್ಲ. 1498ರಲ್ಲಿ ಅಚ್ಚಾದ ಆಕೆಯ ಚರಿತ್ರೆಯಲ್ಲಿರುವ ಚಿತ್ರದಲ್ಲಿ ಲಿಡ್ವಿನಾ ಹಿಮದ ಮೇಲೆ ಬಿದ್ದಿದ್ದಾಳೆ, ಜೊತೆಗಾರ್ತಿಯರು ಬಗ್ಗಿ ಅವಳನ್ನು ಹಿಡಿದಿದ್ದಾರೆ. ಸಂತಳೊಬ್ಬಳ ಚಿತ್ರಕ್ಕೆ ಆ ಕಲಾವಿದ ಆರಿಸಿಕೊಂಡದ್ದು ಆಕೆ ಬಿದ್ದ ಗಳಿಗೆಯನ್ನು. ಚಿತ್ರದಲ್ಲಿ ಆಕೆ ಒಬ್ಬಳೇ ಇಲ್ಲ ಎಂಬುದನ್ನೂ ಗಮನಿಸಬೇಕು. ನಾನು ಬಲ್ಲ ಸಿಂಹದ ಹಚ್ಚೆಗಳಲ್ಲೆಲ್ಲ ಸಿಂಹ ಒಂಟಿಯಾಗಿಯೇ ಇರುತ್ತದೆ.

ಇನ್ನೊಂದು ಬಗೆಯ ಹಚ್ಚೆ ಬರೇ ದಿನಾಂಕ. ಯಾವ ಅಲಂಕಾರವೂ ಇಲ್ಲದೆ, ರೋಗವೆಂದು ತಿಳಿದ ದಿನವನ್ನು ಅಂಕೆಗಳಲ್ಲಿ ಬರೆಸುವುದು. ಇದನ್ನು ನೋಡಿದಾಗ ಜೆರುಸಲೇಮಿನ ಯಾತ್ರಿಕರ ನೆನಪಾಗುತ್ತದೆ. ಅಲ್ಲಿನ ರಝೂಕ್ ಎಂಬ ಕಾಪ್ಟಿಕ್ ಕುಟುಂಬ ತಲೆತಲಾಂತರಗಳಿಂದ ಯಾತ್ರಿಕರಿಗೆ ಹಚ್ಚೆ ಹಾಕುತ್ತ ಬಂದಿದೆ. ಮರದ ಅಚ್ಚನ್ನು ಮಸಿಯಲ್ಲಿ ಅದ್ದಿ ತೋಳಿನ ಮೇಲೊತ್ತಿ, ಆ ಗೆರೆಗಳ ಮೇಲೆ ಸೂಜಿಯಾಡಿಸುತ್ತಿದ್ದರು. ಶಿಲುಬೆಯ ಜೊತೆಗೆ ಯಾತ್ರೆಯ ವರ್ಷವನ್ನೂ ಬರೆಯುವುದು ರೂಢಿಯಲ್ಲಿತ್ತು. ಆ ಅಚ್ಚುಗಳನ್ನು 1950ರ ದಶಕದಲ್ಲಿ ಪುಸ್ತಕರೂಪದಲ್ಲಿ ದಾಖಲಿಸಿದವರು ಜಾನ್ ಕಾರ್ಸ್‌ವೆಲ್. 1838ರಲ್ಲಿ ಬೆನ್ನುಹುರಿಯ ಕಲೆಗಳನ್ನು ಚಿತ್ರಿಸಿದವರ ಹೆಸರೂ ಕಾರ್ಸ್‌ವೆಲ್ ಆಗಿದ್ದುದು ಕೇವಲ ಆಕಸ್ಮಿಕ; ಆದರೂ ಬರೆಯುವವನಿಗೆ ಇಂಥ ಆಕಸ್ಮಿಕಗಳನ್ನು ಬಿಡಲು ಮನಸ್ಸಾಗುವುದಿಲ್ಲ. ಯಾತ್ರಿಕನ ದಿನಾಂಕ, ಹೋಗಿ ಮುಟ್ಟಿದೆ ಎಂದು ಹೇಳುತ್ತದೆ. ರೋಗಿಯ ದಿನಾಂಕ, ಇಂದು ಹೊರಟೆ ಎಂದು ಮಾತ್ರ ಹೇಳಬಲ್ಲದು. ಎಲ್ಲಿಗೆ ಎಂಬುದನ್ನು ಬರೆಯಲು ಅಚ್ಚು ಇಲ್ಲ.

ದಿನಾಂಕದ ಹಚ್ಚೆಯನ್ನು ಸಪ್ಪೆ ಎಂದು ತಳ್ಳಿಹಾಕುವ ಮುನ್ನ ಲಂಡನ್ನಿನ ಬಾರ್ಬೆಲಿಯನ್ನನ ಕಥೆಯನ್ನು ನೆನೆಯಬೇಕು. ಇದು ಬ್ರೂಸ್ ಫ್ರೆಡರಿಕ್ ಕಮಿಂಗ್ಸ್ ಎಂಬ ಕೀಟವಿಜ್ಞಾನಿಯ ಲೇಖನನಾಮ. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಸೈನ್ಯದ ತಪಾಸಣೆಗೆಂದು ಹೋದಾಗ ಆತನ ವೈದ್ಯರು ಮೊಹರು ಹಾಕಿದ ಪತ್ರವೊಂದನ್ನು ಕೊಟ್ಟು ಕಳುಹಿಸಿದ್ದರು. ಅದನ್ನು ಒಡೆದು ನೋಡುವ ಅಗತ್ಯ ಅಲ್ಲಿನವರಿಗೆ ಬೀಳಲಿಲ್ಲ. ಮರಳುವ ರೈಲಿನಲ್ಲಿ ಆತ ಅದನ್ನು ತಾನೇ ಒಡೆದು ಓದಿದ. ತನ್ನ ರೋಗದ ಹೆಸರು ಆತನಿಗೆ ತಿಳಿದದ್ದು ಹಾಗೆ. ಸುತ್ತಲಿನವರು ಮರುಕದಿಂದ ಮುಚ್ಚಿಟ್ಟಿದ್ದರು. ಆತನ ದಿನಚರಿ 1919ರಲ್ಲಿ ಪುಸ್ತಕವಾಯಿತು, ಅದೇ ವರ್ಷ ಆತ ತೀರಿಕೊಂಡ; ವಯಸ್ಸು ಮೂವತ್ತು. ರೋಗಿಗೆ ಆತನ ರೋಗದ ಹೆಸರನ್ನೇ ಹೇಳದ ಕಾಲವೊಂದಿತ್ತು. ಇಂದು ಒಬ್ಬ ಹುಡುಗಿ ಆ ದಿನಾಂಕವನ್ನು ಮಣಿಕಟ್ಟಿನ ಮೇಲೆ ಬರೆಸಿಕೊಂಡಾಗ, ಈ ತಿಳಿವಳಿಕೆ ನನ್ನದು, ಇದನ್ನು ನನ್ನಿಂದ ಯಾರೂ ಮೊಹರು ಹಾಕಿ ಮುಚ್ಚಿಡಲಾರರು ಎಂಬ ಅರ್ಥ ಅದರಲ್ಲಿದೆ. ನಮ್ಮಲ್ಲಿ ಮನೆಯವರು ವೈದ್ಯರನ್ನು ಪಕ್ಕಕ್ಕೆ ಕರೆದು ‘ಅವರಿಗೆ ಹೇಳಬೇಡಿ’ ಎನ್ನುವ ಅಭ್ಯಾಸ ಇನ್ನೂ ಇದೆ. ಆ ದಿನಾಂಕದ ಹಚ್ಚೆಯನ್ನು ಅಂಥ ಮನೆಯವರಿಗೊಮ್ಮೆ ತೋರಿಸಬೇಕು.

ನರಕೋಶದ ಚಿತ್ರ, ಮಿದುಳಿನ ಎಂ.ಆರ್.ಐ. ಚಿತ್ರ, ಇವು ಓದುಬಲ್ಲವರ ಹಚ್ಚೆಗಳು. ಉದ್ದನೆಯ ತಂತು, ಅದರ ಮೇಲೆ ಮಣಿ ಪೋಣಿಸಿದಂತೆ ಮೈಲಿನ್, ನಡುವೆ ಒಂದೆರಡು ಮಣಿಗಳು ಹರಿದುಹೋದಂತೆ ತೋರಿಸುವುದು. ಪಠ್ಯಪುಸ್ತಕದ ಚಿತ್ರವನ್ನು ಹಾಗೆಯೇ ಎತ್ತಿಕೊಂಡಾಗ ಇವು ತಣ್ಣಗಿರುತ್ತವೆ. ಈ ದಾರಿಯಲ್ಲಿ ಎಷ್ಟು ದೂರ ಹೋಗಬಹುದೆಂಬುದನ್ನು ತೋರಿಸಿದವರು ಸ್ಯಾನ್ ಫ್ರಾನ್ಸಿಸ್ಕೊದ ಎಲಿಜಬೆತ್ ಜೇಮ್ಸನ್. ಕಾಯಿಲೆ ಮತ್ತು ಅಂಗವೈಕಲ್ಯವಿದ್ದ ಮಕ್ಕಳ ಪರವಾಗಿ ವಾದಿಸುತ್ತಿದ್ದ ವಕೀಲೆ ಆಕೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಆಕೆಯ ಮಾತಿನ ಶಕ್ತಿಯ ಮೇಲೆ ಎರಗಿ, ವಕೀಲಿ ವೃತ್ತಿ ಬಿಟ್ಟ ಮೇಲೆ ಚಿತ್ರಕಲೆಗೆ ತಿರುಗಿದರು. ತಮ್ಮದೇ ಮಿದುಳಿನ ಎಂ.ಆರ್.ಐ. ಚಿತ್ರಗಳನ್ನು ಎತ್ತಿಕೊಂಡು ಎಚ್ಚಣೆ ಮಾಡಿ, ಬಣ್ಣ ತುಂಬಿ, ಅಚ್ಚು ತೆಗೆದರು. ಆಸ್ಪತ್ರೆಯ ಕಪ್ಪುಬಿಳುಪಿನ ಹಾಳೆಯಲ್ಲಿ ಹೆದರಿಸುತ್ತಿದ್ದ ಆ ಆಕೃತಿಗಳು ಅಲ್ಲಿ ನಾವು ಹತ್ತಿರ ಹೋಗಿ ನೋಡಬೇಕೆನಿಸುವ ಚಿತ್ರಗಳಾಗಿವೆ. ಆಕೆ ಕೆಲಸ ಮಾಡಿದ್ದು ಕಾಗದದ ಮೇಲೆ. ಆದರೆ ತಗಡನ್ನು ಕೊರೆದು ಕೊರೆದ ಜಾಗದಲ್ಲಿ ಮಸಿ ನಿಲ್ಲಿಸುವ ಎಚ್ಚಣೆಯೂ ಹಚ್ಚೆಯೂ ವಿಧಾನದಲ್ಲಿ ಅಕ್ಕತಂಗಿಯರು. ಹಚ್ಚೆ ಹಾಕುವವರು ಆಕೆಯಿಂದ ಕಲಿಯಬೇಕಾದದ್ದು, ವೈದ್ಯರ ಚಿತ್ರವನ್ನು ನಕಲು ಮಾಡದೆ ಅದನ್ನು ರೋಗಿಯ ಕಣ್ಣಿಂದ ಮತ್ತೆ ನೋಡುವುದನ್ನು.

ನನ್ನನ್ನು ಕೇಳಿದರೆ, ಈ ಎಲ್ಲದರಲ್ಲಿ ನಿಜಕ್ಕೆ ಹತ್ತಿರವಾದ ಹಚ್ಚೆ ಚಮಚದ್ದು. ಹೌದು, ಊಟದ ಮೇಜಿನ ಮೇಲಿರುವ ಸಾಮಾನ್ಯ ಚಮಚ. ಇದರ ಮೂಲ 2003ರಲ್ಲಿ ಕ್ರಿಸ್ಟೀನ್ ಮಿಸೆರಾಂಡಿನೊ ಎಂಬ ಅಮೆರಿಕದ ಮಹಿಳೆ ಬರೆದ ಒಂದು ಪುಟ್ಟ ಪ್ರಬಂಧ. ಆಕೆಗಿದ್ದದ್ದು ಲೂಪಸ್ ಎಂಬ, ಇದೇ ಜಾತಿಯ ಬೇರೆ ರೋಗ. ಹೋಟೆಲಿನಲ್ಲಿ ಜೊತೆಗೆ ಕುಳಿತ ಗೆಳತಿ, ನಿಜವಾಗಿ ಅದು ಹೇಗಿರುತ್ತದೆ ಎಂದು ಕೇಳಿದಾಗ, ಆಕೆ ಅಕ್ಕಪಕ್ಕದ ಮೇಜುಗಳ ಚಮಚಗಳನ್ನೂ ಒಟ್ಟುಮಾಡಿ ಹನ್ನೆರಡನ್ನು ಗೆಳತಿಯ ಕೈಗಿತ್ತಳು. ಇದು ನಿನ್ನ ಇಡೀ ದಿನದ ಬಲ. ಈಗ ದಿನವನ್ನು ಆರಂಭಿಸು ಎಂದಳು. ಹಾಸಿಗೆಯಿಂದೇಳಲು ಒಂದು ಚಮಚ ಹೋಯಿತು, ಸ್ನಾನಕ್ಕೆ ಇನ್ನೊಂದು, ಬಟ್ಟೆ ತೊಡಲು ಮತ್ತೊಂದು. ಕೆಲಸಕ್ಕೆ ಹೊರಡುವ ಮೊದಲೇ ಕೈ ಅರ್ಧ ಬರಿದು. ರಾತ್ರಿ ಅಡುಗೆ ಮಾಡಿದರೆ ಪಾತ್ರೆ ತೊಳೆಯಲು ಚಮಚ ಉಳಿಯುವುದಿಲ್ಲ. ಆ ಪ್ರಬಂಧವನ್ನು ಓದಿದ ನಾನಾ ಬಗೆಯ ದೀರ್ಘರೋಗಿಗಳು, ಮಲ್ಟಿಪಲ್ ಸ್ಕ್ಲೆರೋಸಿಸ್‌ನವರೂ ಸೇರಿ, ಚಮಚವನ್ನು ತಮ್ಮ ಗುರುತಾಗಿಸಿಕೊಂಡರು.

ಚಿಹ್ನೆಯಾಗಿ ಇದರ ಗುಣವೇನು? ಮೊದಲನೆಯದಾಗಿ, ಇದು ಮಿತಿಯನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ಬಡಮನೆಯ ಗೃಹಿಣಿ ಡಬ್ಬಿಯ ತಳದ ಅಕ್ಕಿಯನ್ನು ಅಳೆದು ತಿಂಗಳ ಕೊನೆಗೆ ಮುಟ್ಟಿಸುವಂತೆ ಬಲವನ್ನು ಅಳೆದು ಖರ್ಚುಮಾಡಬೇಕು. ಅದರಲ್ಲಿ ವೀರವೇನೂ ಇಲ್ಲ, ಜಾಣತನವಿದೆ, ಕೆಲವೊಮ್ಮೆ ಅಳುವೂ ಇದೆ. ‘ಇಂದು ನನ್ನಲ್ಲಿ ಚಮಚಗಳಿಲ್ಲ’ ಎಂದು ಹೇಳಿದವಳು ಸೋತವಳಾಗುವುದಿಲ್ಲ, ಸಿಂಹಕ್ಕೆ ಆ ಸೌಲಭ್ಯವಿಲ್ಲ. ಎರಡನೆಯದಾಗಿ, ಆ ಪ್ರಬಂಧ ಹುಟ್ಟಿದ್ದೇ ಗೆಳತಿಯೊಬ್ಬಳು ಕುಳಿತು ಕೇಳಿದ್ದರಿಂದ. ಕೇಳುವವಳು ಇರದಿದ್ದರೆ ಚಮಚಗಳು ಮೇಜಿನ ಮೇಲೆಯೇ ಇರುತ್ತಿದ್ದವು. ಲಿಡ್ವಿನಾಳನ್ನು ಹಿಡಿದ ಜೊತೆಗಾರ್ತಿಯರಂತೆ ಇಲ್ಲಿಯೂ ಎರಡನೆಯ ಜೀವವೊಂದು ಚಿತ್ರದ ಹೊರಗೆ ನಿಂತಿದೆ. ಅಡುಗೆಮನೆಯ ವಸ್ತುವಾದ್ದರಿಂದ ಇದನ್ನು ಕಂಡವರು ಬೆರಗಾಗುವ ಬದಲು ‘ಇದೇಕೆ ಚಮಚ?’ ಎಂದು ಕೇಳುತ್ತಾರೆ. ಪೋಪ್ ಫ್ರಾನ್ಸಿಸ್ ಹೇಳಿದ ಮಾತುಕತೆ ಅಲ್ಲಿಂದಲೇ ತೊಡಗಬಹುದು.

ಹಚ್ಚೆ ಯಾರ ಕಡೆಗೆ ಮುಖ ಮಾಡಿದೆ ಎಂಬುದು ಈ ಪ್ರಕಾರಕ್ಕೇ ವಿಶಿಷ್ಟವಾದ ಪ್ರಶ್ನೆ. ಪುಸ್ತಕದ ವಿಮರ್ಶಕರಿಗೆ ಇದು ಎದುರಾಗುವುದಿಲ್ಲ. ಮುಂಗೈಯ ಬರಹ ಎದುರು ನಿಂತವರಿಗೆ ನೇರವಾಗಿ ಕಾಣುವಂತಿರಬೇಕು, ಧರಿಸಿದವರಿಗೆ ತಲೆಕೆಳಗಾದರೂ ಸರಿ ಎಂಬುದು ಆ ಕಸುಬಿನವರಲ್ಲಿ ಹೆಚ್ಚಿನವರ ಅಭಿಪ್ರಾಯ. ರೋಗದ ಹೆಸರನ್ನು ತುರ್ತುಚಿಕಿತ್ಸೆಯವರಿಗೆ ತಿಳಿಸಲೆಂದೇ ಹಾಕಿಸಿಕೊಂಡ ಹಚ್ಚೆಗೆ ಇದು ಸರಿ. ಆದರೆ ತಾನೇ ಓದಿಕೊಳ್ಳಲೆಂದು ಬರೆಸಿದ ಮಾತು ತನ್ನ ಕಡೆಗೆ ತಿರುಗಿರಬೇಕಲ್ಲವೇ? ಪ್ರವಾದಿ ಯೆಶಾಯನ ಗ್ರಂಥದಲ್ಲಿ ದೇವರು ಸಿಯೋನನ್ನು ಕೆತ್ತಿಕೊಂಡದ್ದು ತನ್ನ ಅಂಗೈಯಲ್ಲಿ. ಅಂಗೈ ಎಂದರೆ ತಾನು ಮಾತ್ರ ಯಾವಾಗಲೂ ನೋಡಬಹುದಾದ ಸ್ಥಳ. ಕತ್ತಿನ ಹಿಂದೆ ಹಾಕಿಸಿದ ಸಿಂಹವನ್ನು ಅದರ ಒಡತಿ ಕನ್ನಡಿಯಿಲ್ಲದೆ ಕಾಣಲಾರಳು. ಅದು ಬೀದಿಗಾಗಿ ಇರುವ ಸಿಂಹ.

ನಮ್ಮ ಯುವಕ ಯುವತಿಯರಲ್ಲಿ ಈ ರೋಗವಿದ್ದು ಇಂಥ ಆಸೆ ಹುಟ್ಟಿದವರಿಗೆ ಎರಡು ಮಾತು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ ಸೂಜಿಯ ಸೋಂಕು ಸಣ್ಣ ವಿಷಯವಲ್ಲ; ತಮ್ಮ ನರರೋಗ ವೈದ್ಯರನ್ನು ಕೇಳದೆ ಜಾತ್ರೆಯಲ್ಲಿಯೋ ರಸ್ತೆಬದಿಯಲ್ಲಿಯೋ ಕುಳಿತುಬಿಡಬಾರದು. ಮತ್ತೆ ಮತ್ತೆ ಎಂ.ಆರ್.ಐ. ಮಾಡಿಸಬೇಕಾಗುವುದರಿಂದ ಬಣ್ಣದಲ್ಲಿನ ಲೋಹಾಂಶ ಬಿಸಿಯಾದೀತೆಂಬ ಹೆದರಿಕೆಯೂ ಉಂಟು. ಹಚ್ಚೆಯಿದ್ದ 330 ಮಂದಿಯನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಬ್ಬರಿಗೆ ಮಾತ್ರ, ಅದೂ ಸೌಮ್ಯವಾದ, ತೊಂದರೆ ಕಂಡುಬಂತು. ತಪಾಸಣೆಯ ಮೊದಲು ಸಿಬ್ಬಂದಿಗೆ ತಿಳಿಸಿದರೆ ಸಾಕು.

ಕೊನೆಯದಾಗಿ ಚರ್ಮದೊಳಗೆ ಮಸಿ ಉಳಿಯುವ ಬಗೆಯನ್ನು ಹೇಳಬೇಕು. ಸೂಜಿ ಇಳಿದಾಗ ರೋಗನಿರೋಧಕ ವ್ಯವಸ್ಥೆಯ ಕೋಶಗಳು ಗಾಯವಾಯಿತೆಂದು ಓಡಿಬಂದು ಮಸಿಯ ಕಣಗಳನ್ನು ನುಂಗುತ್ತವೆ. ಜೀರ್ಣಿಸಿಕೊಳ್ಳಲಾಗದೆ ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲಿಯೇ ನಿಲ್ಲುತ್ತವೆ. ಅವು ಸತ್ತಾಗ ಮಸಿ ಹೊರಬರುತ್ತದೆ, ಹೊಸದಾಗಿ ಬಂದ ಅದೇ ಜಾತಿಯ ಕೋಶಗಳು ಅದನ್ನು ಮತ್ತೆ ನುಂಗುತ್ತವೆ. ಫ್ರಾನ್ಸಿನ ಮಾರ್ಸೇಯ್‌ನ ವಿಜ್ಞಾನಿಗಳು ಇದನ್ನು ಇಲಿಗಳಲ್ಲಿ ಪ್ರಯೋಗ ಮಾಡಿ 2018ರಲ್ಲಿ ತೋರಿಸಿದರು. ಅಂದರೆ ಹಚ್ಚೆ ಉಳಿದಿರುವುದು ಕೈಯಿಂದ ಕೈಗೆ ದಾಟಿಸುತ್ತ ಬಂದ ದೀಪದ ಹಾಗೆ. ಇದೇ ಕುಲದ ಕೋಶಗಳೇ ಮಿದುಳಿನಲ್ಲಿ, ಬೆನ್ನುಹುರಿಯಲ್ಲಿ ಮೈಲಿನ್ ಹೊದಿಕೆಯನ್ನು ನುಂಗುವ ಕೆಲಸದಲ್ಲಿಯೂ ಸೇರಿವೆ. ಒಳಗೆ ಕೆಡಿಸುತ್ತಿರುವ ಅದೇ ಪಡೆ ಹೊರಗೆ, ಚರ್ಮದ ಕೆಳಗೆ, ಆಕೆ ಆರಿಸಿಕೊಂಡ ಚಿತ್ರವನ್ನು ಹಿಡಿದು ನಿಂತಿದೆ.

ಆ ಹಿಡಿತವೂ ಪೂರ್ತಿ ಬಿಗಿಯಲ್ಲ. ಒಂದು ಕೋಶದಿಂದ ಇನ್ನೊಂದಕ್ಕೆ ದಾಟುವಾಗ ಕಣಗಳು ಕೂದಲೆಳೆಯಷ್ಟು ಸರಿಯುತ್ತವೆ, ವರ್ಷಗಳು ಕಳೆದಂತೆ ಗೆರೆಗಳು ದಪ್ಪಗಾಗಿ ಹರಡುತ್ತವೆ. ಸಿಂಹದ ಜೂಲದ ಸಣ್ಣ ಗೆರೆಗಳು, ಕಣ್ಣಿನ ಹೊಳಪು ಮೊದಲು ಹೋಗುವುವು. ಚಮಚ, ಒಂದು ಗುಂಡು ಮತ್ತು ಒಂದು ಗೀಟು, ಎಪ್ಪತ್ತರ ಪ್ರಾಯದ ಮುಂಗೈಯಲ್ಲಿಯೂ ಚಮಚವಾಗಿಯೇ ಕಾಣುತ್ತದೆ.